ಕಪ್ಪೆ ಮೇಷ್ಟ್ರು

ಜೂನ್ 4, ಬುಧವಾರ

ಮಾತಾಡಬಾರದು ಅಂದಿದ್ದಾರೆ ಡಾಕ್ಟರು. ಪಿಸುಮಾತೂ ಕೂಡದಂತೆ. ಎರಡು ವಾರ. ಅದಕ್ಕೇ ಈ ಡೈರಿ. ನಮ್ಮ ಗೊಬ್ಬರದ ಅಂಗಡಿಗೆ ಯಾವುದೋ ಕಂಪನಿಯವರು ವರ್ಷವರ್ಷವೂ ಕೊಟ್ಟುಹೋಗುವಂಥದ್ದು. ಪ್ರತಿ ಪುಟದ ಕೆಳಗೂ ರೈತರಿಗೆ ಒಂದು ಸಲಹೆ ಇದೆ. ಇವತ್ತಿನದು: ‘ಗೊಬ್ಬರವನ್ನು ಬುಡಕ್ಕೆ ತಾಗದಂತೆ ಹಾಕಿ.’

ಗಂಟಲಲ್ಲಿ ನಿಂಬೆಹಣ್ಣಿನ ಗಾತ್ರದ ಥೈರಾಯ್ಡ್ ಗಂಟು ಇತ್ತು, ತೆಗೆದರು. ಕೆಟ್ಟದ್ದೇನಲ್ಲ ಅಂತ ರಿಪೋರ್ಟೂ ಬಂತು. ಆದರೆ ದನಿಗೆ ಹೋಗುವ ನರ ಆ ಗಂಟಿಗೇ ಅಂಟಿಕೊಂಡಿತ್ತಂತೆ, ಬಿಡಿಸುವಾಗ ಸ್ವಲ್ಪ ಏಟಾಗಿದೆ. ಹೀಗಾಗಬಹುದು ಅಂತ ಮೊದಲೇ ಹೇಳಿದ್ದರು. ನಾನು ತಲೆ ಆಡಿಸಿ ಸಹಿ ಹಾಕಿದ್ದೆ. ಏಕೆಂದರೆ ಇಂಥದ್ದೆಲ್ಲ ಆಗುವುದು ಬೇರೆಯವರಿಗೆ. ಸುಲೋಚನಮ್ಮ, ಸಂಗೀತದ ಸೀನಿಯರ್ ಪರೀಕ್ಷೆ ಮೊದಲ ದರ್ಜೆಯಲ್ಲಿ ಪಾಸಾದವಳು, ಅಂಥವಳ ಗಂಟಲಿಗೆ ದೇವರು ಕೈ ಹಾಕುತ್ತಾನೆಯೇ?

ಇವರಿಗಂತೂ ಹಬ್ಬ. ಅಂಗಡಿಗೆ ಬಂದವರ ಹತ್ತಿರ ಹೇಳುತ್ತಿದ್ದುದು ಮೇಲಿನವರೆಗೂ ಕೇಳಿಸಿತು: “ಮದುವೆಯಾದ ಮೇಲೆ ನಂಗೆ ಸಿಕ್ಕ ಮೊದಲನೇ ರಜ ಕಣಪ್ಪ ಇದು.” ಉತ್ತರ ಹೇಳಲು ಬಾಯಿ ತೆರೆದೆ, ನೆನಪಾಗಿ ಮುಚ್ಚಿದೆ. ಸಂತೆಯ ದಿನ ಬಿಟ್ಟರೆ ಶನಿವಾರಸಂತೆಯಲ್ಲಿ ಅತಿ ಹೆಚ್ಚು ಸದ್ದು ನನ್ನದೇ ಇತ್ತು ಅಂತ ಈಗ ಗೊತ್ತಾಗುತ್ತಿದೆ. ಊರು ಎಷ್ಟು ತಣ್ಣಗಿದೆ!

ಜೂನ್ 9, ಸೋಮವಾರ

ತಪ್ಪು ಮಾಡಿದೆ. ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ‘ಸಾ’ ಅಂದೆ. ಬಂದದ್ದು ಸಾ ಅಲ್ಲ, ಸೈಕಲ್ ಟಯರಿನಿಂದ ಗಾಳಿ ಹೋಗುವ ಸದ್ದು.

ಹೊರಗಿನಿಂದ ಇವರು, “ಏನೇ, ಪೈಪು ಲೀಕಾಗ್ತಿದೆಯಾ?” ಅಂತ ಕೂಗಿದರು.

ಅಲ್ಲ ರೀ, ಅದು ನಿಮ್ಮ ಹೆಂಡತಿ ಅನ್ನುವ ಹಾಗೂ ಇಲ್ಲ.

ಜೂನ್ 22, ಭಾನುವಾರ

ಇವತ್ತಿನಿಂದ ಪಾಠ ಮತ್ತೆ ಶುರು. ಸ್ವಲ್ಪ ಮಾತಾಡಬಹುದು, ಹಾಡಬಾರದು ಅಂತ ಅಪ್ಪಣೆ.

ನನ್ನ ಪಾಠದ ಪದ್ಧತಿ ಬಹಳ ಸರಳ. ನಾನು ಹಾಡುತ್ತೇನೆ, ಮಕ್ಕಳು ಹಾಗೆಯೇ ಹಾಡಬೇಕು. ಅಂಗಡಿಯ ಮೇಲಿನ ಈ ಕೋಣೆಯಲ್ಲಿ, ಗೊಬ್ಬರದ ವಾಸನೆಯ ನಡುವೆ, ಎಷ್ಟೋ ಮಕ್ಕಳು ಹೀಗೆಯೇ ಕಲಿತು ಹೋದರು. ಈ ಪದ್ಧತಿಯಿಂದ ‘ನಾನು ಹಾಡುತ್ತೇನೆ’ ಅನ್ನುವುದನ್ನು ತೆಗೆದುಬಿಟ್ಟರೆ ಉಳಿಯುವುದು ಏನು ಅಂತ ಇವತ್ತು ನೋಡಿದೆ. ಒಬ್ಬ ಹೆಂಗಸು ಹಾರ್ಮೋನಿಯಂ ಮುಂದೆ ಕೂತು ಟ್ರಾಫಿಕ್ ಪೊಲೀಸಿನ ಹಾಗೆ ಕೈ ಆಡಿಸುವುದು ಉಳಿಯುತ್ತದೆ.

ಅರ್ಧ ಗಂಟೆ ತಡೆದುಕೊಂಡೆ. ಆಮೇಲೆ ತಡೆಯಲಾಗದೆ, “ಅಲ್ಲಲ್ಲ, ಹೀಗೆ, ಪಾ...” ಅಂದೆ. ಪಾ ಎರಡು ತುಂಡಾಯಿತು. ಒಂದು ಮೇಲೆ ಹೋಯಿತು, ಇನ್ನೊಂದು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಕೀರ್ತಿಕುಮಾರ್ ಕಿಸಕ್ಕನೆ ನಕ್ಕ. ನಾನು ನೋಡಿದ ನೋಟಕ್ಕೆ ಅವನಿಗೆ ಅಳು ಬಂತು. ಐದನೇ ಕ್ಲಾಸಿನ ಹುಡುಗ, ಪಾಪ.

ಕೊನೆಗೆ ಐಶ್ವರ್ಯಳನ್ನು ಮುಂದೆ ಕೂರಿಸಿ, “ನೀನು ಹಾಡಮ್ಮ, ಇವರೆಲ್ಲ ಹೇಳ್ತಾರೆ” ಅಂದೆ. ಐಶ್ವರ್ಯ ಅಂದರೆ ಅಂಗಡಿಯಲ್ಲಿ ಗಾಜಿನೊಳಗೆ ಇಡುವ ಮಾಲು. ತಾಲ್ಲೂಕಿಗೇ ಮೊದಲ ಬಹುಮಾನ ತಂದವಳು. ಕಣ್ಣು ಮುಚ್ಚಿದೆ. ನನ್ನದೇ ಗಮಕ, ನನ್ನದೇ ಎಳೆತ, ಸಾಲು ಶುರುವಾಗುವ ಮೊದಲು ಗಂಟಲು ಸರಿಮಾಡಿಕೊಳ್ಳುವ ನನ್ನದೇ ಕೆಮ್ಮು. ನನ್ನ ದನಿ ಎಲ್ಲೂ ಹೋಗಿಲ್ಲ. ನೀಲಿ ಚೂಡಿದಾರ ಹಾಕಿಕೊಂಡು ಎದುರಿಗೇ ಕೂತಿದೆ. ಸರಿ, ಇನ್ನು ಮೇಲೆ ಇವಳು ಹಾಡಲಿ, ನಾನು ತಲೆದೂಗಿದರಾಯಿತು ಅಂತ ತೀರ್ಮಾನಿಸಿದೆ.

ಪಾಠ ಮುಗಿದ ಮೇಲೆ ಅವಳು ಮೆಲ್ಲಗೆ ಕೇಳಿದಳು: “ಮಿಸ್, ನಾನೇ ಹೇಳ್ಕೊಡ್ತಾ ಇದ್ರೆ ನಾನು ಕಲಿಯೋದು ಯಾವಾಗ?”

ದೊಡ್ಡವರ ಮಾತಿಗೆ ಎದುರಾಡಬಾರದು ಅಂದೆ.

ಜೂನ್ 25, ಬುಧವಾರ

ಇಬ್ಬರು ಬಿಟ್ಟು ಹೋದರು. ಕೊಡ್ಲಿಪೇಟೆಯಲ್ಲಿ ಯಾರೋ ಕೀಬೋರ್ಡ್ ಕಲಿಸುವ ಮೇಷ್ಟ್ರು ಇದ್ದಾರಂತೆ. “ಮೇಡಂ ಹುಷಾರಾಗಲಿ, ಅಲ್ಲೀತನಕ ಅಲ್ಲಿಗೆ ಹೋಗ್ಲಿ ಅಂತ” ಅಂದರು ಒಬ್ಬ ತಂದೆ. ‘ಅಲ್ಲೀತನಕ’ ಅನ್ನುವಾಗ ನನ್ನ ಕತ್ತಿನ ಪಟ್ಟಿಯನ್ನು ನೋಡಿದ ರೀತಿ, ಬಹಳ ದೂರದ ಊರಿಗೆ ಬಸ್ಸು ಹತ್ತಿಸಿ ಕಳಿಸುವವರ ಹಾಗಿತ್ತು.

ಸಂಜೆ ಅಮೃತಾ ಬಂದಳು. ಮೈದುನನ ಮಗಳು, ಸೊಸೈಟಿಯಲ್ಲಿ ಕಂಪ್ಯೂಟರ್ ಕೆಲಸ. ಲ್ಯಾಪ್‌ಟಾಪ್ ತೆರೆದು, “ದೊಡ್ಡಮ್ಮ, ಬೈಬೇಡಿ, ಒಂದು ನಿಮಿಷ ನೋಡಿ” ಅಂದಳು. ಬೈಯುವ ಶಕ್ತಿ ಇಲ್ಲದಿರುವುದು ಅವಳಿಗೂ ಗೊತ್ತು.

ಒಂದು ಕೊಳ. ಅದರಲ್ಲಿ ಸಾಲಾಗಿ ತಾವರೆ ಎಲೆ. ಒಂದೊಂದು ಎಲೆಯೂ ಒಂದೊಂದು ಸ್ವರ. ದಡದಲ್ಲಿ ಒಂದು ಹಸಿರು ಕಪ್ಪೆ. ನಾವು ಹಾಡಿದ್ದು ಸರಿಯಾದ ಸ್ವರವಾದರೆ ಕಪ್ಪೆ ಮುಂದಿನ ಎಲೆಗೆ ಹಾರುತ್ತದೆ. ತಪ್ಪಿದರೆ ‘ಬುಳುಕ್’ ಅಂತ ನೀರಿಗೆ ಬೀಳುತ್ತದೆ. ಇಂಟರ್ನೆಟ್ಟಿನಲ್ಲಿ ಮಕ್ಕಳಿಗೆ ಸಂಗೀತ ಕಲಿಸುವ ಇಂಥ ಆಟಗಳು ಬೇಕಾದಷ್ಟಿವೆಯಂತೆ. ತಾಳಕ್ಕೆ ಸರಿಯಾಗಿ ಗುಂಡಿ ಒತ್ತಿ ಮಡಕೆ ಒಡೆಯುವುದು, ಎರಡು ಸದ್ದು ಕೇಳಿ ಯಾವುದು ಎತ್ತರ ಅಂತ ಹೇಳುವುದು, ಹೀಗೆ.

ನನಗೆ ಪಾಠ ಹೇಳಿದ ಗುರುಗಳು, ನಾನು ಶ್ರುತಿ ತಪ್ಪಿದರೆ ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸುತ್ತಿದ್ದರು. ಅಷ್ಟೇ. ಆ ನಿಂತ ದವಡೆ ನೋಡಿದರೆ ಎದೆ ಧಸಕ್ ಅನ್ನುತ್ತಿತ್ತು. ಅವರ ಶಿಷ್ಯೆ ಈಗ ಕಪ್ಪೆಯನ್ನು ಸಹಾಯಕ್ಕೆ ಇಟ್ಟುಕೊಳ್ಳಬೇಕೆ?

“ಇದಕ್ಕೆ ಮಾಯಾಮಾಳವಗೌಳ ಬರುತ್ತಾ?” ಅಂತ, ದನಿ ದಣಿದಿದ್ದರಿಂದ, ಸ್ಲೇಟಿನಲ್ಲಿ ಬರೆದು ಕೇಳಿದೆ. ಸಂಗೀತದ ಮೊದಲ ಪಾಠ, ಸರಳೆ ವರಸೆ, ಶುರುವಾಗುವುದೇ ಆ ರಾಗದಲ್ಲಿ. ಇದು ಗೊತ್ತಿಲ್ಲದ ಕಪ್ಪೆ ತಾನಾಗಿಯೇ ಸೋಲುತ್ತದೆ ಅಂತ ನನ್ನ ಲೆಕ್ಕ. ಅಮೃತಾ ಎಲ್ಲೆಲ್ಲೋ ಒತ್ತಿ ಎರಡು ಎಲೆಗಳನ್ನು ಒಂದಿಷ್ಟು ಹಿಂದಕ್ಕೆ ಸರಿಸಿದಳು. “ಈಗ ಬರುತ್ತೆ.”

ಕಪ್ಪೆ ಸೋಲಲಿಲ್ಲ.

ಜೂನ್ 29, ಭಾನುವಾರ

ಕಪ್ಪೆಯ ಮೊದಲ ಪಾಠ. ಅಮೃತಾ ಲ್ಯಾಪ್‌ಟಾಪನ್ನು ಇಲ್ಲೇ ಬಿಟ್ಟು ಹೋಗಿದ್ದಾಳೆ. ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ: ಮಕ್ಕಳು ಕೂತಲ್ಲಿ ಕೂರಲಿಲ್ಲ, ಒಬ್ಬರೂ ಆಕಳಿಸಲಿಲ್ಲ, ಟೈಮಾಯ್ತು ಅಂದರೆ ಎದ್ದು ಹೋಗಲಿಲ್ಲ. ನನ್ನ ಪಾಠದಲ್ಲಿ ಈ ಮೂರೂ ಒಂದೇ ದಿನ ನಡೆದದ್ದು ನೆನಪಿಲ್ಲ.

ಆದರೆ ಒಂದು ತೊಂದರೆ. ಅವರಿಗೆ ಕಪ್ಪೆ ದಾಟುವುದಕ್ಕಿಂತ ಬೀಳುವುದು ಇಷ್ಟ. ಬುಳುಕ್ ಅನ್ನುವ ಸದ್ದಿಗೆ ಬಿದ್ದು ಬಿದ್ದು ನಗುತ್ತವೆ. ಕೀರ್ತಿಕುಮಾರ್ ಬೇಕಂತಲೇ ಕಪ್ಪೆಯನ್ನು ಬೀಳಿಸತೊಡಗಿದ. ಗದರಿಸಲು ಹೋದವಳು ಹಾಗೇ ನಿಂತೆ. ಅವನು ಗಾಂಧಾರದ ಹತ್ತಿರ ಹೋಗುತ್ತಾನೆ, ಕಪ್ಪೆ ಇನ್ನೇನು ಹಾರಬೇಕು ಅನ್ನುವಾಗ ಕೂದಲೆಳೆಯಷ್ಟು ಕೆಳಗೆ ಜಾರುತ್ತಾನೆ. ಬುಳುಕ್. ಮತ್ತೆ ಹತ್ತಿರ, ಮತ್ತೆ ಜಾರು. ಗಾಂಧಾರ ಎಲ್ಲಿದೆ ಅಂತ ಗೊತ್ತಿಲ್ಲದವನಿಗೆ ಇಷ್ಟು ನಾಜೂಕಾಗಿ ತಪ್ಪಲು ಬರುವುದಿಲ್ಲ. ಎರಡು ವರ್ಷದಿಂದ ಇವನಿಗೆ ಕಿವಿ ಇಲ್ಲ ಅಂದುಕೊಂಡಿದ್ದೆ.

ಕೆಳಗೆ ಅಂಗಡಿಯಲ್ಲಿ ಇವರು ಫೋನಿನಲ್ಲಿ ಮಡಕೆ ಒಡೆಯುತ್ತಾ ಕೂತಿದ್ದರು. ಅಮೃತಾ ಹಾಕಿಕೊಟ್ಟಳಂತೆ. ಮದುವೆಯಾದಾಗಿನಿಂದ ಆದಿತಾಳ ಅಂದರೆ ಏನು ಅಂತ ಕೇಳದವರು.

ಜುಲೈ 2, ಬುಧವಾರ

ಇವತ್ತು ದೊಡ್ಡ ರಾದ್ಧಾಂತ.

ಐಶ್ವರ್ಯ ಇಷ್ಟು ದಿನ ಕಪ್ಪೆಯ ಹತ್ತಿರ ಬಂದಿರಲಿಲ್ಲ. ಇವತ್ತು ಎಲ್ಲರೂ ಒತ್ತಾಯ ಮಾಡಿದ್ದಕ್ಕೆ ಕೂತಳು. ಗಂಟಲು ಸರಿಮಾಡಿಕೊಂಡಳು. ಆ ಕೆಮ್ಮಿಗೇ ಕಪ್ಪೆ ನೀರಿಗೆ ಬಿತ್ತು. ಮತ್ತೆ ಶುರು ಮಾಡಿದಳು. ರಿಷಭವನ್ನು ನಾನು ಕಲಿಸಿದ ಹಾಗೆಯೇ ಓಲಾಡಿಸಿ ಹಿಡಿದಳು. ಬುಳುಕ್. ಮತ್ತೆ. ಬುಳುಕ್. ಆ ಕಪ್ಪೆಗೆ ಗಮಕ ಅರ್ಥವಾಗುವುದಿಲ್ಲ, ಸ್ವರ ಅಲುಗಿದರೆ ತಪ್ಪು ಅಂದುಕೊಳ್ಳುತ್ತದೆ, ತಪ್ಪು ಅದರದೇ. ಹಾಗಂತ ಹೇಳಿದೆ. ಆದರೆ “ಸರಿ, ಹಾಗಾದ್ರೆ ಅಲುಗಿಸದೆ ಹಾಡು” ಅಂದಾಗ ಅವಳಿಗೆ ಆಗಲಿಲ್ಲ. ಬಾಯಿ ತೆರೆದು ನನ್ನ ಮುಖ ನೋಡಿದಳು, ನಾನು ಎತ್ತಿಕೊಡುತ್ತೇನೆ ಅಂತ. ನಾನು ಕಪ್ಪೆಯ ಮುಖ ನೋಡಿದೆ.

ಆಮೇಲೆ ಅನುಪಮಾ ಎದ್ದಳು. ಎಸ್ಟೇಟಿನ ಜೀಪು ಓಡಿಸುವ ಸುನಿಲನ ಮಗಳು. ಕೆಲಸದವರನ್ನು ಅವರ ಲೈನ್‌ಮನೆಗಳಿಗೆ ಬಿಟ್ಟು ಬರುವಾಗ ಅವನು ಇವಳನ್ನು ಇಲ್ಲಿ ಇಳಿಸಿ ಹೋಗುತ್ತಾನೆ. ಶ್ರುತಿಗೆ ಸೇರುವುದಿಲ್ಲ ಅಂತ ಇವಳ ಕೈಗೆ ತಾಳ ಕೊಟ್ಟು ಹಿಂದೆ ಕೂರಿಸಿ ವರ್ಷವಾಯಿತು. “ಮಿಸ್, ನಾನೂ?” ಅಂದಳು. ಬೀಳಿಸಿ ನಗುವವರಲ್ಲಿ ಇವಳೂ ಒಬ್ಬಳು ಅಂತ ಹೂಂ ಅಂದೆ.

ಆಟ ಶುರುವಾಗುವ ಮೊದಲು ಕಪ್ಪೆ ಒಂದು ಪ್ರಶ್ನೆ ಕೇಳುತ್ತದೆ: ‘ನಿಮಗೆ ಸುಲಭವಾಗುವ ಒಂದು ಸ್ವರ ಹಾಡಿ.’ ನಾವು ಅದನ್ನು ಲೆಕ್ಕಿಸದೆ ಹಾರ್ಮೋನಿಯಂನ ಐದನೇ ಮನೆ, ಅಂದರೆ ನನ್ನ ಶ್ರುತಿಯನ್ನೇ ಒತ್ತಿ ಮುಂದೆ ಹೋಗುತ್ತಿದ್ದೆವು. ನನ್ನ ಗುರುಗಳು ನನಗೆ ಇಟ್ಟುಕೊಟ್ಟ ಶ್ರುತಿ; ಈ ಕೋಣೆಯಲ್ಲಿ ಹಾಡಿದವರೆಲ್ಲ ಅದರಲ್ಲೇ ಹಾಡಿದ್ದು. ಅನುಪಮಾ ಮಾತ್ರ ಹೇಳಿದ ಹಾಗೆ ಕೇಳುವ ಹುಡುಗಿ. ತನಗೆ ಸುಲಭವಾದ ಸ್ವರ ಹಾಡಿದಳು. ಎಷ್ಟೋ ಕೆಳಗೆ. ಎಲೆಗಳೆಲ್ಲ ಅವಳಿಗೆ ತಕ್ಕಂತೆ ಜರುಗಿ ಕೂತವು. ಆಮೇಲೆ ಸಾ, ರಿ, ಗಾ, ಮಾ, ಗೆರೆ ಎಳೆದ ಹಾಗೆ. ಕಪ್ಪೆ ಆಚೆ ದಡ ಮುಟ್ಟಿತು, ಮತ್ತೆ ವಾಪಸ್ಸೂ ಬಂತು. ಯಾರೂ ನಗಲಿಲ್ಲ.

ಒಂದು ಕಪ್ಪೆಗೆ ಇಷ್ಟು ಮರ್ಯಾದೆ ಯಾರು ಕಲಿಸಿದರೋ! ಮೊದಲು ಕೇಳುವುದಂತೆ, ಆಮೇಲೆ ಎಲೆ ಹಾಸುವುದಂತೆ. ನನಗೆ ಬಹಳ ಸಿಟ್ಟು ಬಂತು. ಯಾರ ಮೇಲೆ ಅಂತ ನಾಳೆ ಯೋಚಿಸುತ್ತೇನೆ.

ಜುಲೈ 3, ಗುರುವಾರ

ಮನೆಯಲ್ಲಿ ಯಾರೂ ಇಲ್ಲದಾಗ ಬಾಗಿಲು ಹಾಕಿ ಲ್ಯಾಪ್‌ಟಾಪ್ ತೆರೆದೆ. ನಿಮಗೆ ಸುಲಭವಾಗುವ ಒಂದು ಸ್ವರ ಹಾಡಿ ಅಂತು. ಹಾಡಿದೆ.

ಕಪ್ಪೆ ಹಾರಲಿಲ್ಲ. ಬೀಳಲೂ ಇಲ್ಲ. ಕಣ್ಣು ಮಿಟುಕಿಸುತ್ತಾ ಕೂತಿತ್ತು. ಇನ್ನೊಮ್ಮೆ ಹಾಡಿದೆ. ‘ನಿಮ್ಮ ಮೈಕ್ ಸರಿ ಇದೆಯೇ ನೋಡಿಕೊಳ್ಳಿ’ ಅಂತ ಬಂತು.

ಜುಲೈ 6, ಭಾನುವಾರ

ಐಶ್ವರ್ಯ ಬರಲಿಲ್ಲ. ಅವಳ ಅಮ್ಮ ಪುಷ್ಪಲತಾ ಬಂದರು.

“ಮೇಡಂ, ತಾಲ್ಲೂಕಿಗೆ ಫಸ್ಟ್ ಬಂದಿರೋ ಹುಡುಗೀನ ಕಪ್ಪೆ ನೀರಿಗೆ ತಳ್ತು ಅಂದ್ರೆ ಏನರ್ಥ?”

“ತಳ್ಳಲಿಲ್ಲ ಪುಷ್ಪಾ, ಕಪ್ಪೆನೇ ಬಿದ್ದದ್ದು” ಅಂದೆ ನನ್ನ ಹರಕು ದನಿಯಲ್ಲಿ.

“ತಮಾಷೆ ಬೇಡ ಮೇಡಂ. ಮೂರು ದಿನದಿಂದ ಹುಡುಗಿ ಹಾಡೋಕೇ ಕೂತಿಲ್ಲ. ಮೊಬೈಲ್ ಆಟ ಆಡಿಸೋದಾದ್ರೆ ಮನೇಲೇ ಆಡ್ತಾಳೆ. ನಾವು ನಿಮ್ಮ ಹಾಡು ಕಲೀಲಿ ಅಂತ ಕಳಿಸಿದ್ದು.”

ನನ್ನ ಹಾಡು. ಅದನ್ನು ಇನ್ನು ಎಲ್ಲಿಂದ ತರಲಿ? ಇರುವ ಒಂದೇ ಪ್ರತಿ ನಿಮ್ಮ ಮನೆಯಲ್ಲಿದೆ ಅನ್ನಬೇಕು ಅನ್ನಿಸಿತು. ಅಷ್ಟು ಉದ್ದದ ವಾಕ್ಯಕ್ಕೆ ಗಾಳಿ ಸಾಲಲಿಲ್ಲ. ಅವರು ಹೋದರು. ಕೊಡ್ಲಿಪೇಟೆಗೇ ಸೇರಿಸುತ್ತಾರಂತೆ.

ಪಾಠದಲ್ಲಿ ಯಾರು ಹಾಡಿದರು, ಏನು ಹಾಡಿದರು ಗೊತ್ತಿಲ್ಲ. ಬೇಗ ಕಳಿಸಿಬಿಟ್ಟೆ. ಈ ಪುಟದ ಸಲಹೆ: ‘ಎಲೆ ಹಳದಿಯಾದರೆ ಗಾಬರಿ ಬೇಡ.’

ಜುಲೈ 10, ಗುರುವಾರ

ಕೊಡ್ಲಿಪೇಟೆಯಿಂದ ಜಯಪ್ರಕಾಶ್ ಬಂದಿದ್ದರು. ಅಲ್ಲಿ ಪ್ರತಿ ಶ್ರಾವಣದಲ್ಲೂ ಕಲ್ಯಾಣ ಮಂಟಪದಲ್ಲಿ ಒಂದು ಸಂಜೆ ವಚನ ಗಾಯನ ಇರುತ್ತದೆ, ಅದರ ಕಾರ್ಯದರ್ಶಿ ಇವರು. ಪ್ರತಿ ವರ್ಷ ನನ್ನ ಮಕ್ಕಳದೇ ಹಾಡು. ಹಾಗಂತ ಹೇಳುತ್ತೇವೆ. ನಿಜವಾಗಿ ಹಾಡುವವಳು ನಾನು, ಮಕ್ಕಳು ಹಿಂದೆ ಸಾಲಾಗಿ ನಿಂತು ಕೊನೆಯ ಪದ ಹಿಡಿಯುತ್ತಾರೆ.

ಕಾಫಿ ಕುಡಿದು, ಲೋಟ ಕೆಳಗಿಟ್ಟು, ಮತ್ತೆ ಎತ್ತಿಕೊಂಡು, “ಅಕ್ಕಾರೆ, ಈ ಸಲ ಆ ಕೀಬೋರ್ಡ್ ಮೇಷ್ಟ್ರ ಮಕ್ಕಳಿಗೆ ಹೇಳೋಣ ಅಂತ ಕಮಿಟಿಯೋರ ಅಭಿಪ್ರಾಯ. ನೀವು ವಿಶ್ರಾಂತಿ ತಗೊಳ್ಳಿ. ಸ್ಟೇಜಿನ ಮೇಲೆ ಕರೆದು ಶಾಲು ಹೊದಿಸ್ತೀವಿ” ಅಂದರು.

ಶಾಲು! ಇನ್ನೂ ಬದುಕಿರುವವಳಿಗೆ.

“ನಮ್ಮ ಮಕ್ಕಳು ಹಾಡ್ತಾರೆ” ಅಂದೆ.

“ಯಾರು ನಡೆಸ್ತಾರೆ ಅಕ್ಕಾ? ಪುಷ್ಪಲತಾ ಅವರ ಮಗಳೂ ಬಿಟ್ಟಳಂತಲ್ಲ.”

“ನಮ್ಮ ಮಕ್ಕಳು ಹಾಡ್ತಾರೆ” ಅಂತ ಮತ್ತೆ ಅಂದೆ. ಎರಡನೇ ಸಲ ದನಿ ಪೂರ್ತಿ ಒಡೆದು ಹೋಯಿತು, ಅದಕ್ಕೇ ಇರಬೇಕು, ಅವರು ಒಪ್ಪಿಕೊಂಡು ಎದ್ದರು. ಅವರು ಹೋದ ಮೇಲೆ ಇವರು ಕೇಳಿದರು, “ಯಾವ ಧೈರ್ಯದ ಮೇಲೆ ಒಪ್ಪಿಕೊಂಡೆ?”

ಕಪ್ಪೆಯ ಧೈರ್ಯದ ಮೇಲೆ.

ಜುಲೈ 20, ಭಾನುವಾರ

ಮಳೆಗೆ ಎಲ್ಲೋ ಮರ ಬಿದ್ದು ಕರೆಂಟು ಹೋಗಿ ದಿನಗಳಾದವು. ನೆಟ್ಟೂ ಇಲ್ಲ. ಲ್ಯಾಪ್‌ಟಾಪಿನ ಚಾರ್ಜು ಮುಗಿದು ಕಪ್ಪೆ ಕಣ್ಣು ಮುಚ್ಚಿದೆ. ಧೈರ್ಯವನ್ನು ಬ್ಯಾಟರಿಯಲ್ಲಿ ಇಟ್ಟರೆ ಹೀಗೇ.

ಇಂಥ ಮಳೆಯಲ್ಲೂ ಮಕ್ಕಳು ಬಂದವು. ಕಪ್ಪೆ ಇಲ್ಲ, ಮನೆಗೆ ಹೋಗಿ ಅಂದೆ. ಅನುಪಮಾ ಬಾಗಿಲ ಹತ್ತಿರದ ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಎಲೆ ಬರೆಯತೊಡಗಿದಳು. ಸಾ ಒಂದು ಎಲೆ, ರಿ ಒಂದು ಎಲೆ. “ಮಿಸ್, ಒಬ್ರು ಕಪ್ಪೆ. ಹಾಡ್ಬೇಕು. ಸರಿಯಾಗಿದ್ರೆ ಹಾರ್ಬೇಕು. ತಪ್ಪಿದ್ರೆ ನಾವೆಲ್ಲ ಬುಳುಕ್ ಅಂತೀವಿ.”

ಇಷ್ಟೇ ಆಟ. ಆದರೆ ಲ್ಯಾಪ್‌ಟಾಪಿನ ಮುಂದೆ ಒಬ್ಬರು ಹಾಡಿದರೆ ಉಳಿದವರು ಪರದೆ ನೋಡುತ್ತಿದ್ದರು. ಇಲ್ಲಿ ಪರದೆ ಇಲ್ಲ. ತಪ್ಪೋ ಸರಿಯೋ ಅಂತ ಹೇಳಬೇಕಾದರೆ ಕೇಳಲೇಬೇಕು. ಎಲ್ಲ ಕತ್ತು ಓರೆ ಮಾಡಿಕೊಂಡು, ಉಸಿರು ಬಿಗಿಹಿಡಿದು ಕೇಳುತ್ತಿದ್ದವು. ಒಂದೊಂದು ಸಲ ಜಗಳ. “ಅದು ಬುಳುಕ್ ಅಲ್ಲ ಕಣೋ, ಸ್ವಲ್ಪ ಮೇಲಿತ್ತು ಅಷ್ಟೆ.” “ಮೇಲಿದ್ರೂ ಬುಳುಕ್ಕೇ ಕಣೆ.” ತೀರ್ಪಿಗೆ ನನ್ನ ಹತ್ತಿರ ಬರುತ್ತಿದ್ದವು. ಈ ಕೋಣೆಯಲ್ಲಿ ನಾನು ಇಷ್ಟು ಹೊತ್ತು ಸುಮ್ಮನೆ ಕೂತು ಕೇಳಿದ್ದು ಇದೇ ಮೊದಲು. ಒಬ್ಬೊಬ್ಬರ ದನಿ ಒಂದೊಂದು ಥರ ಇದೆ. ಇಷ್ಟು ದಿನ ಎಲ್ಲಿತ್ತೋ. ನನ್ನ ಸದ್ದಿನಲ್ಲಿ ಕೇಳಿಸುತ್ತಿರಲಿಲ್ಲ, ಮತ್ತೇನು.

ಎಲ್ಲರ ಸರದಿ ಮುಗಿದ ಮೇಲೆ ಕೀರ್ತಿಕುಮಾರ್, “ಈಗ ಮಿಸ್ ಕಪ್ಪೆ!” ಅಂದ. ಕೂಡಲೇ ಬಾಯಿ ಮುಚ್ಚಿಕೊಂಡ. ಮಾಡಿನ ಶೀಟಿನ ಮೇಲೆ ಮಳೆಯ ಸದ್ದು ಮಾತ್ರ.

ಯಾಕೆ ಎದ್ದೆನೋ ಗೊತ್ತಿಲ್ಲ. ಸೀರೆ ಎತ್ತಿ ಸಿಕ್ಕಿಸಿಕೊಂಡು ದಡದಲ್ಲಿ ನಿಂತೆ. ಮಗಳ ಬಾಣಂತನ ಮಾಡಿ ಮುಗಿಸಿದ ಹೆಂಗಸು. ಸಾ ಅಂದೆ. ಕರಕರ ಅಂತು, ಆದರೂ ಇತ್ತು. ಹಾರಿದೆ. ರಿ ಅಂದೆ. ಅನುಪಮಾ ಕಣ್ಣು ಕಿರಿದು ಮಾಡಿ ಯೋಚಿಸಿ, ಪರವಾಗಿಲ್ಲ ಅನ್ನುವ ಹಾಗೆ ಕೈ ಮಾಡಿದಳು. ಹಾರಿದೆ. ಗಾ ಅನ್ನುವಾಗ ದನಿ ಪೂರ್ತಿ ಕೈಕೊಟ್ಟಿತು.

ಅನುಪಮಾ ಬಹಳ ಗೌರವದಿಂದ, “ಬುಳುಕ್, ಮಿಸ್” ಅಂದಳು.

ನಗು ಶುರುವಾದದ್ದು ನನ್ನಿಂದಲೇ. ಹೊಲಿಗೆ ಹಾಕಿದ ಜಾಗ ನೋಯುವಷ್ಟು ನಕ್ಕೆ. ಇವರು ಕೆಳಗಿನಿಂದ ಓಡಿ ಬಂದರು, ಮಹಡಿ ಕುಸಿಯಿತು ಅಂತ.

ಜುಲೈ 27, ಭಾನುವಾರ

ಐಶ್ವರ್ಯ ವಾಪಸ್ ಬಂದಳು. ಪಾಠ ಶುರುವಾಗುವ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿದ್ದಳು. ಅಮ್ಮನಿಗೆ ಹೇಳಿದೀಯಾ ಅಂದರೆ, “ಹೇಳಿದೀನಿ, ಬೈದ್ರು, ಆಮೇಲೆ ಇಲ್ಲಿಗೆ ತಂದು ಬಿಟ್ಟೋರೂ ಅವ್ರೇ” ಅಂದಳು.

“ಅಲ್ಲಿ ಏನಾಯ್ತೇ?”

“ಏನಿಲ್ಲ ಮಿಸ್. ಮೇಷ್ಟ್ರು ಒಳ್ಳೆಯೋರೇ. ಒಂದು ಹಾಡು ಹಾಡು ಅಂದ್ರು. ಹಾಡ್ದೆ. ಚೆನ್ನಾಗಿದೆ, ಇದು ನಿಮ್ಮ ಮಿಸ್ ಹಾಡಿದ ಹಾಗೇ ಇದೆ, ಈಗ ನೀನು ಹಾಡು ಅಂದ್ರು.” ಅವಳ ಕಣ್ಣಲ್ಲಿ ನೀರು ಬಂತು. “ನಂಗೆ ಏನು ಹಾಡ್ಬೇಕು ಅಂತ ಗೊತ್ತಾಗ್ಲಿಲ್ಲ ಮಿಸ್.”

ಪಕ್ಕದಲ್ಲಿ ಕೂತೆ. ಕರೆಂಟು ಬಂದಿತ್ತು, ಆದರೂ ಲ್ಯಾಪ್‌ಟಾಪ್ ತೆಗೆಯಲಿಲ್ಲ. “ನಿಂಗೆ ಸುಲಭವಾಗೋ ಒಂದು ಸ್ವರ ಹಾಡು. ನನ್ನ ಮುಖ ನೋಡ್ಬೇಡ, ಆ ಕಡೆ ನೋಡು” ಅಂದೆ. ಅವಳು ರಸ್ತೆಯ ಕಡೆ ನೋಡುತ್ತಾ ಒಂದು ಸ್ವರ ಹಾಡಿದಳು. ಅಲುಗಾಟವಿಲ್ಲ, ಕೆಮ್ಮಿಲ್ಲ. ಸಣ್ಣ, ತೆಳ್ಳಗಿನ, ಸ್ವಲ್ಪ ಹೆದರಿದ ದನಿ. ಐದನೇ ಮನೆಗಿಂತ ಎಷ್ಟೋ ಮೇಲೆ. ನನಗೆ ಪರಿಚಯವೇ ಇಲ್ಲದ ಹುಡುಗಿ.

ಚೆನ್ನಾಗಿತ್ತು. ಹಾಗಂತ ಹೇಳಿದೆ.

ಈಗ ತಲೆನೋವು ಬೇರೆ. ಅನುಪಮಾ ಕೆಳಗೆ, ಐಶ್ವರ್ಯ ಮೇಲೆ, ಕೀರ್ತಿಕುಮಾರ್ ಅವತ್ತವತ್ತಿಗೆ ಎಲ್ಲಿ ಬೇಕೋ ಅಲ್ಲಿ. ಎಲ್ಲರೂ ಒಂದೇ ಶ್ರುತಿಯಲ್ಲಿ ನಿಲ್ಲುವುದು ಹೇಗೆ? ಹಾರ್ಮೋನಿಯಂ ಮೇಲೆ ಕೂತು ಬಹಳ ಹೊತ್ತು ಹುಡುಕಿದೆ.

ಆಗಸ್ಟ್ 6, ಬುಧವಾರ

ನಾಲ್ಕನೇ ಮನೆ! ಅದರಲ್ಲಿ ಎಲ್ಲರೂ ನಿಲ್ಲುತ್ತಾರೆ, ಯಾರಿಗೂ ಪೂರ್ತಿ ಸುಖವಿಲ್ಲ, ಯಾರಿಗೂ ಪೂರ್ತಿ ಕಷ್ಟವಿಲ್ಲ. ಒಬ್ಬರು ಇಡೀ ವಚನ ಹಾಡುವುದು ಬೇಡ, ಒಂದೊಂದು ಸಾಲನ್ನು ಒಬ್ಬೊಬ್ಬರು ಎತ್ತಲಿ ಅಂತ ಮಾಡಿದ್ದೇವೆ. ಕೆಳಗಿನ ಸಾಲು ಅನುಪಮಾಗೆ, ಮೇಲೆ ಹೋಗುವುದು ಐಶ್ವರ್ಯಗೆ. ತಾಳ ಯಾರಿಗೆ ಅಂದಾಗ ಇವರು ಕೆಳಗಿನಿಂದಲೇ, “ನಾನು ಬರ್ಲಾ?” ಅಂದರು. ಮಡಕೆ ಆಟದಲ್ಲಿ ಎಲ್ಲ ಮಟ್ಟವೂ ಮುಗಿದಿದೆಯಂತೆ. ಅಂಗಡಿ ನೋಡಿಕೊಳ್ಳಿ ಅಂದೆ.

ಪುಷ್ಪಲತಾ ಫೋನ್ ಮಾಡಿ, “ನನ್ನ ಮಗಳಿಗೆ ಎರಡೇ ಸಾಲಾ ಮೇಡಂ?” ಅಂದರು. ಹೌದು, ಆದರೆ ಎರಡೂ ಅವಳದೇ ಅಂದೆ.

ಆಗಸ್ಟ್ 14, ಗುರುವಾರ

ಇವತ್ತು ಹಾಸನದಲ್ಲಿ ಡಾಕ್ಟರಿಗೆ ತೋರಿಸುವುದಿತ್ತು, ಇಡೀ ದಿನ ಹಾಳು. ಹೋಗುವಾಗ ಬಸ್ಸು ಕೆಟ್ಟಿತು. ಅಲ್ಲಿ ಹೋದರೆ ಕಾಯಿಸಿದ್ದೇ ಕಾಯಿಸಿದ್ದು. ಕಾರ್ಯಕ್ರಮಕ್ಕೆ ಮೂರು ದಿನ ಇದೆ, ಎರಡನೇ ವಚನದಲ್ಲಿ ಮಕ್ಕಳು ಇನ್ನೂ ತಾಳ ಮೀರಿ ಓಡುತ್ತವೆ, ಇವತ್ತು ಸಂಜೆ ಹೆಚ್ಚಿನ ಪಾಠಕ್ಕೆ ಬರಲು ಹೇಳಿದ್ದೆ. ಮೂಗಿನಿಂದ ಕ್ಯಾಮೆರಾ ಹಾಕಿ ನೋಡಿದರು. ಎಡಗಡೆಯ ಸ್ವರತಂತು ಅಲುಗುತ್ತಿಲ್ಲವಂತೆ. ಮಾತು ಇನ್ನೂ ಸುಧಾರಿಸುತ್ತದೆ, ಹಾಡುವ ದನಿಯ ಆಸೆ ಇಟ್ಟುಕೊಳ್ಳಬೇಡಿ ಅಂದರು. ಇವರು ನನ್ನ ಕೈ ಹಿಡಿದುಕೊಂಡರು. “ನಾಲ್ಕೂವರೆ ಬಸ್ ಸಿಗುತ್ತಾ ನೋಡ್ರೀ” ಅಂದೆ.

ಸಿಗಲಿಲ್ಲ. ಮನೆ ಮುಟ್ಟುವಾಗ ಕತ್ತಲಾಗಿತ್ತು. ಮೇಲೆ ಹೋದರೆ ಮಕ್ಕಳು ಇನ್ನೂ ಇದ್ದವು! ಅಮೃತಾ ಬೀಗ ತೆಗೆದುಕೊಟ್ಟಿದ್ದಳಂತೆ. ಐಶ್ವರ್ಯ ಹಾರ್ಮೋನಿಯಂ ಹಿಡಿದಿದ್ದಳು, ಅನುಪಮಾ ನೆಲ ತಟ್ಟುತ್ತಾ, “ಓಡ್ಬೇಡ್ರೋ, ಓಡ್ಬೇಡ್ರೋ” ಅನ್ನುತ್ತಿದ್ದಳು. ನಾನು ಬಂದದ್ದು ಗೊತ್ತಾಗಲಿಲ್ಲ. ಬಾಗಿಲಲ್ಲೇ ನಿಂತು ಕೇಳಿದೆ. ಓಟ ಸ್ವಲ್ಪ ನಿಂತಿದೆ. ಸಮಾಧಾನವಾಯಿತು. ಚೆನ್ನಾಗಿ ಹಸಿವಾಗಿತ್ತು, ಎರಡು ಅಕ್ಕಿರೊಟ್ಟಿ ಹೆಚ್ಚಾಗಿಯೇ ತಿಂದೆ.

ಆಗಸ್ಟ್ 18, ಸೋಮವಾರ

ನಿನ್ನೆ ಕಾರ್ಯಕ್ರಮ ಮುಗಿಯಿತು. ನಿನ್ನೆಯೇ ಬರೆಯಬೇಕಿತ್ತು, ಬಂದವಳೇ ಮಲಗಿಬಿಟ್ಟೆ.

ಕಲ್ಯಾಣ ಮಂಟಪ ತುಂಬಿತ್ತು. ಜಯಪ್ರಕಾಶ್ ಮೈಕಿನಲ್ಲಿ, “ಈಗ ಶ್ರೀಮತಿ ಸುಲೋಚನಮ್ಮನವರಿಂದ...” ಅಂತ ಅಭ್ಯಾಸಬಲದಿಂದ ಶುರು ಮಾಡಿ, ನನ್ನ ಕಡೆ ನೋಡಿ ಬೆವೆತುಹೋದರು. ನಾನು ಹಾರ್ಮೋನಿಯಂ ಹಿಂದಿನಿಂದ ಮಕ್ಕಳ ಕಡೆ ಕೈ ತೋರಿಸಿದೆ. “...ಮಕ್ಕಳಿಂದ” ಅಂತ ಮುಗಿಸಿದರು.

ಮೊದಲೆರಡು ಸಾಲು ಅನುಪಮಾಳದು. ಆ ಕೆಳಗಿನ ದನಿ ಮೈಕಿನಲ್ಲಿ ಬಂದಾಗ ಮುಂದಿನ ಸಾಲಿನ ಹೆಂಗಸರು ಮಾತು ನಿಲ್ಲಿಸಿ ತಿರುಗಿದರು. ಸುನಿಲ ಜೀಪು ಎಲ್ಲಿ ನಿಲ್ಲಿಸಿದ್ದನೋ, ಒದ್ದೆ ಬಟ್ಟೆಯಲ್ಲೇ ಬಾಗಿಲಲ್ಲಿ ನಿಂತಿದ್ದ. ಎರಡನೇ ವಚನದಲ್ಲಿ ಕೀರ್ತಿಕುಮಾರ್ ತನ್ನ ಸಾಲನ್ನು ಬೇಗ ಎತ್ತಿಬಿಟ್ಟ. ಹಿಂದಿನ ವರ್ಷವಾದರೆ ನಾನು ಜೋರಾಗಿ ಹಾಡಿ ಮುಚ್ಚಿಬಿಡುತ್ತಿದ್ದೆ. ಐಶ್ವರ್ಯ ಅವನ ಕಡೆ ತಿರುಗಿ, ಅವನ ಸಾಲಿಗೇ ತನ್ನ ದನಿ ಸೇರಿಸಿದಳು. ಉಳಿದವರೂ ಹಿಡಿದರು. ಅದೇ ಸರಿ ಅನ್ನುವ ಹಾಗೆ ಹಾಡು ಮುಂದೆ ಹೋಯಿತು. ಪುಷ್ಪಲತಾ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಎರಡೇ ಸಾಲು ಅಂತ ದುಃಖವೋ ಏನೋ, ಕೇಳಲಿಲ್ಲ.

ಬೆಳಿಗ್ಗೆ ಅಮೃತಾ ತಾನು ಮಾಡಿದ ವಿಡಿಯೋ ತಂದಳು. ಅಂಗಡಿಯ ಕೌಂಟರಿನ ಮೇಲೆ ಫೋನು ಇಟ್ಟು ಮೂವರೂ ನೋಡಿದೆವು. ಪಕ್ಕದಿಂದ ತೆಗೆದದ್ದರಿಂದ ಮಕ್ಕಳಿಗಿಂತ ನಾನೇ ಹೆಚ್ಚು ಕಾಣುತ್ತೇನೆ, ಸೆರಗು ಸೊಟ್ಟಗೆ.

“ನೀನೂ ಹಾಡ್ತಿದ್ದೀಯಲ್ಲೇ” ಅಂದರು ಇವರು.

“ಇಲ್ಲ ರೀ. ನಾನೆಲ್ಲಿ ಹಾಡಿದೆ?”

“ನೋಡಿ ದೊಡ್ಡಮ್ಮ” ಅಂತ ಅಮೃತಾ ನಿಲ್ಲಿಸಿ ದೊಡ್ಡದು ಮಾಡಿ ತೋರಿಸಿದಳು. ಬಾಯಿ ತೆರೆದಿದೆ. ಮುಂದೆ ಓಡಿಸಿದಳು. ಪ್ರತಿ ಸಾಲಿಗೂ ತೆರೆಯುತ್ತಿದೆ, ಮುಚ್ಚುತ್ತಿದೆ. ಸುಮ್ಮನೆ ತುಟಿ ಆಡಿಸುವುದೂ ಅಲ್ಲ, ಕತ್ತಿನ ನರ ಉಬ್ಬಿದೆ. ಅಷ್ಟು ಜನರ ಎದುರಿಗೆ, ಮೈಕಿನ ಹತ್ತಿರ, ಮೊದಲಿನಿಂದ ಕೊನೆಯವರೆಗೆ ಹಾಡಿದ್ದೇನೆ. ನನಗೆ ನೆನಪೇ ಇಲ್ಲ.

ಯಾರೋ ಪೊಟ್ಯಾಷ್ ಕೇಳಿಕೊಂಡು ಬಂದರು, ಇವರು ಎದ್ದು ಹೋದರು.

ನಾನು ಇನ್ನೊಮ್ಮೆ ಹಾಕು ಅಂದೆ. ಆಮೇಲೆ ಇನ್ನೊಮ್ಮೆ, ಫೋನನ್ನು ಕಿವಿಗೆ ಹಿಡಿದುಕೊಂಡು. ಮಕ್ಕಳ ದನಿಗಳ ಕೆಳಗೆ ಎಲ್ಲೋ ಇದೆ, ಅಕ್ಕಿ ಕೇರುವ ಸದ್ದಿನಂತೆ. ಮೊದಲ ಸಾಲು ಪರವಾಗಿಲ್ಲ. ಎರಡನೆಯದರಲ್ಲಿ ಅನುಪಮಾ ಶ್ರುತಿ ಬಿಡದೆ ನಿಂತಿದ್ದಾಳೆ, ನಾನು ಮಾತ್ರ ಸ್ವಲ್ಪ ಇಳಿದಿದ್ದೇನೆ. ಬುಧವಾರ ಮಕ್ಕಳ ಜೊತೆ ಕೂತು ಆ ಸಾಲನ್ನು ತಿದ್ದಿಕೊಳ್ಳಬೇಕು.